ನಿವೃತ್ತಿಯ ನಂತರ ಮೈಸೂರೋ, ಕೊಯಮತ್ತೂರೋ?
ರಾಜ್ಯದ ಗಡಿ ದಾಟುವ ಮುನ್ನ ಕುಟುಂಬವೊಂದು ಲೆಕ್ಕ ಹಾಕಬೇಕಾದ ಸಂಗತಿಗಳು

ಬೆಂಗಳೂರಿನಲ್ಲಿ ಮೂರ್ನಾಲ್ಕು ದಶಕ ದುಡಿದು ನಿವೃತ್ತರಾಗುವ ದಂಪತಿಗಳ ನಡುವೆ ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುವ ಪ್ರಶ್ನೆಯೊಂದಿದೆ. ಈ ನಗರದ ವಾಹನ ದಟ್ಟಣೆ, ನೀರಿನ ಟ್ಯಾಂಕರ್, ಏರುತ್ತಿರುವ ಖರ್ಚುಗಳ ನಡುವೆ ಉಳಿದ ಆಯುಷ್ಯವನ್ನೂ ಕಳೆಯಬೇಕೇ? ಬೇಡವೆಂದಾದರೆ ಎಲ್ಲಿಗೆ ಹೋಗಬೇಕು? ಬಹುತೇಕರ ಬಾಯಲ್ಲಿ ಮೊದಲು ಬರುವ ಹೆಸರು ಮೈಸೂರು. ಎರಡನೆಯದಾಗಿ ಕೇಳಿಬರುತ್ತಿರುವ ಹೆಸರು, ಕೆಲವರಿಗೆ ಅಚ್ಚರಿ ಎನಿಸಬಹುದಾದರೂ, ಕೊಯಮತ್ತೂರು. ಹಿರಿಯ ನಾಗರಿಕರಿಗೆಂದೇ ಕಟ್ಟಿದ ವಸತಿ ಸಮುಚ್ಚಯಗಳು ದೇಶದಲ್ಲಿ ಹೆಚ್ಚಾಗಿ ತಲೆ ಎತ್ತಿರುವ ನಗರಗಳಲ್ಲಿ ಅದೂ ಒಂದು. ಅಲ್ಲಿನ ಆಸ್ಪತ್ರೆಗಳಿಗೆ ಒಳ್ಳೆಯ ಹೆಸರಿದೆ. ಮಗನೋ ಮಗಳೋ ಅಲ್ಲಿನ ಕಂಪನಿಯಲ್ಲಿ ಕೆಲಸಕ್ಕಿದ್ದರಂತೂ ಮಾತು ಇನ್ನಷ್ಟು ಗಂಭೀರವಾಗುತ್ತದೆ.

ಭಾರತದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಪ್ರತಿ ನಾಗರಿಕನಿಗೂ ನೀಡಿದೆ. ಆದರೆ ಹಕ್ಕು ಒಂದೇ ಆದರೂ ಕಡತಗಳು ಒಂದೇ ಅಲ್ಲ. ಚಾಮರಾಜನಗರ ದಾಟಿ ಹಾಸನೂರಿನ ಕಾಡಿಗೆ ಪ್ರವೇಶಿಸಿದೊಡನೆ ಭೂದಾಖಲೆಯ ಹೆಸರು, ವಾಹನದ ಸಂಖ್ಯೆ, ಶಾಲೆಯ ಕಡ್ಡಾಯ ಭಾಷೆ, ಕಾಲೇಜು ಪ್ರವೇಶದ ಅರ್ಹತೆ, ಕೆಲವು ಕುಟುಂಬಗಳ ಪಾಲಿಗೆ ಜಾತಿ ಪ್ರಮಾಣಪತ್ರದ ಬೆಲೆ, ಇವೆಲ್ಲವೂ ಬದಲಾಗುತ್ತವೆ. ಹವಾಮಾನ, ಮನೆ ಬಾಡಿಗೆ, ತರಕಾರಿ ಬೆಲೆ ಇವುಗಳನ್ನು ಹೋಲಿಸಿ ನಿರ್ಧಾರ ಕೈಗೊಂಡವರು ಈ ಎರಡನೆಯ ಪಟ್ಟಿಯನ್ನು ನೋಡುವುದು ಸಾಮಾನ್ಯವಾಗಿ ಸಾಮಾನು ಸಾಗಿಸಿದ ಮೇಲೆಯೇ.

ಬದಲಾಗದಿರುವುದು ಯಾವುದು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡುವುದು ಒಳಿತು. ಅಮೆರಿಕದಲ್ಲಿರುವ ಮಕ್ಕಳು, ಅಳಿಯಂದಿರು ಅಲ್ಲಿನ ರೂಢಿಯಂತೆ 'ತೆರಿಗೆ ಕಡಿಮೆ ಇರುವ ರಾಜ್ಯ ನೋಡಿ' ಎಂದು ಸಲಹೆ ನೀಡುವುದುಂಟು. ಅಲ್ಲಿ ಬಹುತೇಕ ರಾಜ್ಯಗಳು ಪ್ರತ್ಯೇಕವಾಗಿ ಆದಾಯ ತೆರಿಗೆ ವಿಧಿಸುತ್ತವೆ. ಫ್ಲಾರಿಡಾ, ಟೆಕ್ಸಾಸ್‌ಗಳಂತಹ ಕೆಲವು ರಾಜ್ಯಗಳು ವಿಧಿಸುವುದಿಲ್ಲ. ಆದ್ದರಿಂದ ನಿವೃತ್ತರು ಅತ್ತ ವಲಸೆ ಹೋಗುವುದಕ್ಕೆ ಅರ್ಥವಿದೆ. ಭಾರತದಲ್ಲಿ ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರದ ಕೈಯಲ್ಲಿದೆ. ಪಿಂಚಣಿ, ಠೇವಣಿಯ ಬಡ್ಡಿ, ಬಾಡಿಗೆ ಇವುಗಳ ಮೇಲಿನ ತೆರಿಗೆ ಮೈಸೂರಿನಲ್ಲಿ ಎಷ್ಟೋ ಕೊಯಮತ್ತೂರಿನಲ್ಲೂ ಅಷ್ಟೇ. ರಾಜ್ಯಗಳು ವಸೂಲು ಮಾಡುವ ವೃತ್ತಿ ತೆರಿಗೆಗೆ ಸಂವಿಧಾನದ 276ನೇ ವಿಧಿಯು ವರ್ಷಕ್ಕೆ 2,500 ರೂಪಾಯಿಗಳ ಮಿತಿ ಹೇರಿದೆ. ಅದೂ ದುಡಿಯುವವರಿಗೆ, ಪಿಂಚಣಿಯನ್ನಷ್ಟೇ ನಂಬಿದವರಿಗೆ ಅದರ ಗೊಡವೆಯಿಲ್ಲ.

ಪಿಂಚಣಿಯ ವರ್ಗಾವಣೆಯೂ ಈಗ ಹಿಂದಿನಷ್ಟು ತಲೆನೋವಿನ ವಿಷಯವಾಗಿ ಉಳಿದಿಲ್ಲ. ನೌಕರರ ಭವಿಷ್ಯನಿಧಿ ಸಂಘಟನೆಯು 2025ರ ಜನವರಿ 1ರಿಂದ ಕೇಂದ್ರೀಕೃತ ಪಿಂಚಣಿ ಪಾವತಿ ವ್ಯವಸ್ಥೆಯನ್ನು ಜಾರಿಗೆ ತಂದಿರುವುದರಿಂದ, ಅದರ ಪಿಂಚಣಿದಾರರು ಊರು ಬದಲಿಸಿದಾಗ ಪಾವತಿ ಆದೇಶವನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗಾಯಿಸಬೇಕಾಗಿಲ್ಲ. ನವೆಂಬರ್ ತಿಂಗಳಿನ ಜೀವಿತ ಪ್ರಮಾಣಪತ್ರವನ್ನು 2014ರಿಂದ ಡಿಜಿಟಲ್ ರೂಪದಲ್ಲೂ ಸಲ್ಲಿಸಬಹುದಾಗಿದೆ. ಚಾಲನಾ ಪರವಾನಗಿ ದೇಶದಾದ್ಯಂತ ಮಾನ್ಯ; ವಿಳಾಸ ಬದಲಾವಣೆ ಮಾಡಿಸಿಕೊಂಡರೆ ಸಾಕು. ಹೆತ್ತವರ ಪಾಲನೆ ಹಾಗೂ ಹಿರಿಯ ನಾಗರಿಕರ ಕಲ್ಯಾಣಕ್ಕೆ ಸಂಬಂಧಿಸಿದ 2007ರ ಕಾಯ್ದೆಯೂ ಕೇಂದ್ರದ್ದೇ. ಆಸ್ತಿ ಬರೆಸಿಕೊಂಡು ಆರೈಕೆ ಮಾಡದ ಮಕ್ಕಳ ವಿರುದ್ಧ ದೂರು ನೀಡುವ ನ್ಯಾಯಮಂಡಳಿ ಎರಡೂ ರಾಜ್ಯಗಳಲ್ಲಿದೆ.

ಮನೆ ಕೊಳ್ಳುವಾಗ

ಖರ್ಚಿನ ವ್ಯತ್ಯಾಸ ಮೊದಲು ಕಣ್ಣಿಗೆ ಬೀಳುವುದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ. 80 ಲಕ್ಷ ರೂಪಾಯಿ ಮೌಲ್ಯದ ಸ್ವತಂತ್ರ ಮನೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇಕಡಾ 5, ಅಂದರೆ 4 ಲಕ್ಷ. ಆ ಶುಲ್ಕದ ಮೇಲೆ ಶೇಕಡಾ 10ರ ಉಪಕರ ಹಾಗೂ ನಗರ ಪ್ರದೇಶದಲ್ಲಿ ಶೇಕಡಾ 2ರ ಸರ್ಚಾರ್ಜ್ ಸೇರಿ 48 ಸಾವಿರ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದ್ದು, ಅದು 1.60 ಲಕ್ಷ. ಒಟ್ಟು 6.08 ಲಕ್ಷ ರೂಪಾಯಿ. ತಮಿಳುನಾಡಿನಲ್ಲಿ 2023ರ ಏಪ್ರಿಲ್‌ನಲ್ಲಿ ಮಾರ್ಗಸೂಚಿ ಮೌಲ್ಯವನ್ನು ಮೇಲೇರಿಸಿ, ಅದುವರೆಗೆ ಶೇಕಡಾ 4ರಷ್ಟಿದ್ದ ನೋಂದಣಿ ಶುಲ್ಕವನ್ನು ಶೇಕಡಾ 2ಕ್ಕೆ ಇಳಿಸಲಾಯಿತು. ಮುದ್ರಾಂಕ ಶುಲ್ಕ ಶೇಕಡಾ 5, ವರ್ಗಾವಣೆ ಶುಲ್ಕ ಶೇಕಡಾ 2, ನೋಂದಣಿ ಶುಲ್ಕ ಶೇಕಡಾ 2 ಸೇರಿ ಒಟ್ಟು ಶೇಕಡಾ 9. ಅಂದರೆ 7.20 ಲಕ್ಷ. ಹೊಸ ಫ್ಲ್ಯಾಟ್‌ಗಳಿಗೆ ಮಾತ್ರ 2023ರ ಡಿಸೆಂಬರ್‌ನಿಂದ ಭೂಮಿ ಮತ್ತು ಕಟ್ಟಡದ ಬೆಲೆಯನ್ನು ಒಟ್ಟುಗೂಡಿಸಿದ ಸಂಯೋಜಿತ ಮೌಲ್ಯದ ಮೇಲೆ ಬೇರೆಯೇ ದರದ ಲೆಕ್ಕವಿದೆ. ಸುಮಾರು ಒಂದು ಲಕ್ಷದ ಈ ಅಂತರಕ್ಕಾಗಿ ಊರನ್ನು ಆಯ್ಕೆ ಮಾಡುವುದು ಜಾಣತನವಲ್ಲ ಎಂಬುದು ನಿಜ.

ಹಣಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು ದಾಖಲೆಗಳ ವಿಚಾರದಲ್ಲಿ. ಕರ್ನಾಟಕದವರಿಗೆ ಖಾತಾ, ಕಂದಾಯ ರಸೀದಿ, ಭೂಪರಿವರ್ತನೆ ಆದೇಶ, ಋಣಭಾರ ಪತ್ರ ಇವೆಲ್ಲ ಪರಿಚಿತ ಪದಗಳು. 'ಬಿ ಖಾತಾ' ಎಂದೊಡನೆ ಕಿವಿ ನಿಮಿರುವಷ್ಟು ಅನುಭವ ನಮ್ಮ ಮಧ್ಯಮ ವರ್ಗಕ್ಕಿದೆ. ತಮಿಳುನಾಡಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ. ಅಲ್ಲಿ ಪಟ್ಟಾ ಯಾರ ಹೆಸರಿನಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ಕ್ರಯಪತ್ರ ನೋಂದಣಿಯಾಗಿಯೂ ಪಟ್ಟಾ ಹಳೆಯ ಮಾಲೀಕನ ಹೆಸರಿನಲ್ಲೇ ಉಳಿದಿರಬಹುದು. ನಗರದೊಳಗಿನ ನಿವೇಶನಕ್ಕೆ ನಗರ ಭೂಮಾಪನ ದಾಖಲೆ, ಬಡಾವಣೆಗೆ ನಗರ ಮತ್ತು ಗ್ರಾಮಾಂತರ ಯೋಜನಾ ನಿರ್ದೇಶನಾಲಯದ ಅನುಮೋದನೆ ಬೇಕು. 2016ರಲ್ಲಿ ಮದ್ರಾಸ್ ಹೈಕೋರ್ಟ್ ಅನುಮೋದನೆಯಿಲ್ಲದ ಬಡಾವಣೆಗಳ ನಿವೇಶನ ನೋಂದಣಿಗೆ ತಡೆ ನೀಡಿದ ನಂತರ, ಆ ವರ್ಷದ ಅಕ್ಟೋಬರ್ 20ಕ್ಕೆ ಮುಂಚಿನ ನಿವೇಶನಗಳನ್ನು ಸಕ್ರಮಗೊಳಿಸುವ ಯೋಜನೆ ಬಂದಿತು. ಹೀಗಾಗಿ ಕೊಯಮತ್ತೂರಿನ ಹೊರವಲಯದಲ್ಲಿ 'ಅಗ್ಗದ ನಿವೇಶನ' ಎಂದು ತೋರಿಸುವಾಗ ಈ ದಿನಾಂಕವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮೈಸೂರಿನಲ್ಲಿ ಅದೇ ಬಗೆಯ ಅಪಾಯ ಕಂದಾಯ ಬಡಾವಣೆಗಳ ರೂಪದಲ್ಲಿದೆ ಎಂಬುದನ್ನೂ ಮರೆಯುವಂತಿಲ್ಲ. ಅಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರದ ನಿವೇಶನ ಹಂಚಿಕೆಯ ವಿವಾದ 2024ರಲ್ಲಿ ರಾಜ್ಯ ರಾಜಕಾರಣವನ್ನೇ ಅಲುಗಾಡಿಸಿದ್ದು ಓದುಗರಿಗೆ ಗೊತ್ತೇ ಇದೆ.

ದೊಡ್ಡ ತೊಡಕೆಂದರೆ, ಕೊಯಮತ್ತೂರಿನಲ್ಲಿ ಹಳೆಯ ಪತ್ರಗಳೆಲ್ಲ ತಮಿಳಿನಲ್ಲಿರುತ್ತವೆ. ತಾನು ಓದಲಾಗದ ಭಾಷೆಯ ದಾಖಲೆಗೆ ಜೀವಮಾನದ ಉಳಿತಾಯವನ್ನು ಒಪ್ಪಿಸುವುದೆಂದರೆ ಪರಿಶೀಲಿಸುವ ವಕೀಲರ ಮೇಲೆ ಪೂರ್ಣ ಭಾರ ಹಾಕಿದಂತೆ. ಮಾರುವವರೋ ಮಧ್ಯವರ್ತಿಯೋ ಸೂಚಿಸಿದ ವಕೀಲರನ್ನು ಬಿಟ್ಟು ಸ್ವತಂತ್ರವಾಗಿ ಇನ್ನೊಬ್ಬರನ್ನು ನೇಮಿಸಿಕೊಳ್ಳುವುದು ಈ ಸಂದರ್ಭದಲ್ಲಿ ದುಂದುವೆಚ್ಚವಲ್ಲ.

ಹಿರಿಯರ ವಸತಿ ಸಮುಚ್ಚಯಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತಿದೆ. ಜಾಹೀರಾತುಗಳಲ್ಲಿ ಹಸಿರು ಹುಲ್ಲುಹಾಸು, ಭಜನಾ ಮಂದಿರ, ಮೂರು ಹೊತ್ತಿನ ಸಾತ್ವಿಕ ಊಟ ಕಾಣಿಸುತ್ತವೆ. ಒಪ್ಪಂದದಲ್ಲಿ ಕಾಣಬೇಕಾದುದು ಬೇರೆ. ಕೊಡುತ್ತಿರುವುದು ಸಂಪೂರ್ಣ ಮಾಲೀಕತ್ವವೋ, ದೀರ್ಘಾವಧಿ ಗೇಣಿಯೋ, ಮರಳಿಸಬಹುದಾದ ಠೇವಣಿಯ ಮೇಲಿನ ವಾಸದ ಹಕ್ಕೋ? ತಿಂಗಳ ನಿರ್ವಹಣಾ ಶುಲ್ಕವನ್ನು ಯಾರು, ಯಾವ ಸೂತ್ರದಂತೆ ಏರಿಸುತ್ತಾರೆ? ಇಬ್ಬರಲ್ಲಿ ಒಬ್ಬರು ತೀರಿಕೊಂಡ ನಂತರ ಉಳಿದವರ ಸ್ಥಾನವೇನು? 55 ವರ್ಷ ತುಂಬದ ಮಗ ಅದನ್ನು ಉತ್ತರಾಧಿಕಾರವಾಗಿ ಪಡೆದರೆ ಅಲ್ಲಿ ವಾಸಿಸಬಹುದೇ ಅಥವಾ ಮಾರಲೇಬೇಕೇ? ಹಾಸಿಗೆ ಹಿಡಿದವರನ್ನು ಅಲ್ಲಿಯೇ ನೋಡಿಕೊಳ್ಳುವರೋ, ಹೊರಗೆ ಕಳುಹಿಸುವರೋ? ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2019ರಲ್ಲಿ ನಿವೃತ್ತರ ಮನೆಗಳಿಗಾಗಿ ಮಾದರಿ ಮಾರ್ಗಸೂಚಿಗಳನ್ನು ಹೊರಡಿಸಿತು. ಮಾದರಿ ಎಂಬ ಪದವೇ ಹೇಳುವಂತೆ ಅದು ರಾಜ್ಯಗಳನ್ನು ಕಟ್ಟಿಹಾಕುವ ಕಾನೂನಲ್ಲ. ಯೋಜನೆಯು ಆಯಾ ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ನೋಡುವುದು ಕನಿಷ್ಠ ಎಚ್ಚರಿಕೆ. ಕಟ್ಟಿ ಮುಗಿದ ಮೇಲಿನ ಊಟ, ದಾದಿ, ಆಂಬುಲೆನ್ಸ್ ಸೇವೆಯ ಗುಣಮಟ್ಟವನ್ನು ಆ ಪ್ರಾಧಿಕಾರ ಕಾಯುತ್ತದೆಂದು ಭಾವಿಸುವಂತಿಲ್ಲ.

ಕಾರಿನ ಜೊತೆ ಹೋಗುವ ತೆರಿಗೆ

ಕರ್ನಾಟಕದಲ್ಲಿ ನೋಂದಣಿಯಾದ ಕಾರನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಮೊದಲು ಇಲ್ಲಿನ ಪ್ರಾದೇಶಿಕ ಸಾರಿಗೆ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಅಲ್ಲಿ ವಾಹನದ ವಯಸ್ಸಿಗೆ ತಕ್ಕಂತೆ ತೆರಿಗೆ ಕಟ್ಟಿ, ಇಲ್ಲಿ ಕಟ್ಟಿದ್ದ ಜೀವಿತಾವಧಿ ತೆರಿಗೆಯ ಉಳಿದ ಭಾಗವನ್ನು ಮರಳಿ ಕೇಳಬೇಕು. ಕಟ್ಟುವುದು ಮೊದಲು, ಮರಳಿ ಬರುವುದು ನಂತರ. ಎರಡರ ನಡುವೆ ಸಾಕಷ್ಟು ಓಡಾಟ. 2021ರಲ್ಲಿ ಬಂದ 'ಬಿಎಚ್' ಸರಣಿಯ ನೋಂದಣಿಯಿಂದ ಈ ತೊಂದರೆ ತಪ್ಪುತ್ತದೆಯಾದರೂ ಅದು ಸೇವೆಯಲ್ಲಿರುವ ಸರ್ಕಾರಿ, ರಕ್ಷಣಾ ಸಿಬ್ಬಂದಿಗೆ ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಹೊಂದಿರುವ ಸಂಸ್ಥೆಗಳ ನೌಕರರಿಗೆ ಮೀಸಲು. ಹತ್ತು ವರ್ಷ ಮೀರಿದ ಕಾರಾದರೆ ಇಲ್ಲಿಯೇ ಮಾರಿ, ಅಲ್ಲಿ ಬೇರೆ ಕೊಳ್ಳುವುದು ಮನಸ್ಸಿಗೂ ಕಾಲಿಗೂ ಹಿತ.

ಮೊಮ್ಮಕ್ಕಳು ಜೊತೆಗಿದ್ದರೆ

ದಂಪತಿಗಳಿಬ್ಬರೇ ಹೋಗುವುದಾದರೆ ಈ ಭಾಗವನ್ನು ಬಿಟ್ಟು ಓದಬಹುದು. ಮಗ, ಸೊಸೆ, ಶಾಲೆಗೆ ಹೋಗುವ ಮೊಮ್ಮಕ್ಕಳೂ ಕೂಡಿ ಹೊರಡುವ ಕುಟುಂಬಕ್ಕೆ ಮಾತ್ರ ಇದೇ ನಿರ್ಣಾಯಕ ಅಧ್ಯಾಯ. ಹಣದಿಂದ ಸರಿಪಡಿಸಲಾಗದ ನಷ್ಟ ಸಂಭವಿಸುವುದು ಇಲ್ಲಿ.

ತಮಿಳುನಾಡು 2006ರ ತಮಿಳು ಕಲಿಕಾ ಕಾಯ್ದೆಯ ಮೂಲಕ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಹಂತ ಹಂತವಾಗಿ ತಮಿಳನ್ನು ಕಡ್ಡಾಯಗೊಳಿಸಿತು. ಭಾಷಾ ಅಲ್ಪಸಂಖ್ಯಾತ ಶಾಲೆಗಳ ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಕರ್ನಾಟಕ 2015ರಲ್ಲಿ ಕನ್ನಡ ಭಾಷಾ ಕಲಿಕಾ ಕಾಯ್ದೆಯನ್ನು ತಂದು ಅದೇ ದಾರಿ ಹಿಡಿಯಿತು. ಆದುದರಿಂದ ಇದರಲ್ಲಿ ಯಾರು ಯಾರನ್ನೂ ದೂರುವಂತಿಲ್ಲ. ಒಂದನೇ ತರಗತಿಯ ಮಗು ಹೊಸ ಲಿಪಿಯನ್ನು ಆಟವಾಡುತ್ತ ಕಲಿಯುತ್ತದೆ. ಏಳನೇ ತರಗತಿಯ ಮಗುವಿಗೆ ಅದು ಹೊರೆ. ತಮಿಳುನಾಡು 1968ರಿಂದ ದ್ವಿಭಾಷಾ ಸೂತ್ರವನ್ನು ಅನುಸರಿಸುತ್ತಿರುವುದರಿಂದ ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಕನ್ನಡಕ್ಕೆ ಜಾಗ ಸಿಗುವುದು ಅಪರೂಪ. ಮೊಮ್ಮಗಳಿಗೆ ಕನ್ನಡ ಓದಲು ಬರಬೇಕೆಂಬ ಆಸೆಯಿದ್ದರೆ ಅದನ್ನು ಕಲಿಸಬೇಕಾದವರು ಅಜ್ಜ ಅಜ್ಜಿಯೇ.

ಕಾಲೇಜು ಪ್ರವೇಶದ ನಿಯಮವಂತೂ ಬಹಳ ಜನರಿಗೆ ತಡವಾಗಿ ತಿಳಿಯುತ್ತದೆ. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಸರ್ಕಾರಿ ಕೋಟಾದ ಸೀಟು ಪಡೆಯಲು ಇರುವ ಪ್ರಮುಖ ಅರ್ಹತೆಯೆಂದರೆ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿಯೇ ತೇರ್ಗಡೆಯಾಗಿರಬೇಕು. ತಮಿಳುನಾಡಿನ ಎಂಜಿನಿಯರಿಂಗ್ ಪ್ರವೇಶದಲ್ಲಿ 8ರಿಂದ 12ನೇ ತರಗತಿವರೆಗೆ ಅಲ್ಲಿಯೇ ಓದಿದವರಿಗೆ ಸ್ಥಳೀಯತೆಯ ಪ್ರಮಾಣಪತ್ರ ಬೇಕಿಲ್ಲ, ಉಳಿದವರಿಗೆ ಬೇಕು. ಈ ಎರಡು ನಿಯಮಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಏಳನೇ ತರಗತಿ ಮುಗಿಸಿ ಹೊರಟ ಮಗು ತಮಿಳುನಾಡಿನ ನಿಯಮಕ್ಕೆ ಸರಿಹೊಂದುತ್ತದೆ. ಒಂಬತ್ತನೇ ತರಗತಿಗೆ ಸೇರಲು ಹೊರಟ ಮಗುವಿನ ಸ್ಥಿತಿ ಎರಡು ದೋಣಿಗಳ ಮೇಲೆ ಕಾಲಿಟ್ಟವನಂತೆ. ಕರ್ನಾಟಕದಲ್ಲಿ ಎಂಟು ವರ್ಷ ಓದಿದ್ದರೂ ಎರಡೂ ಪ್ರಮುಖ ಪರೀಕ್ಷೆಗಳು ಹೊರಗೆ. ತಮಿಳುನಾಡಿನಲ್ಲಿ ಅಂತಿಮ ಪರೀಕ್ಷೆ ಬರೆದರೂ ಅಗತ್ಯವಿರುವ ಐದು ವರ್ಷಗಳಿಗೆ ಒಂದು ಕಡಿಮೆ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಕರ್ನಾಟಕದಲ್ಲಿ ಪ್ರತ್ಯೇಕ ಅವಕಾಶಗಳಿದ್ದರೂ ಅವುಗಳ ಷರತ್ತುಗಳೇ ಬೇರೆ. ಪ್ರವೇಶದ ಬಗೆಯೂ ಭಿನ್ನ. ತಮಿಳುನಾಡು 2006ರಲ್ಲಿ ಕಾಯ್ದೆ ಮಾಡಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯನ್ನೇ ಕೈಬಿಟ್ಟಿತು. ಅಲ್ಲಿ 12ನೇ ತರಗತಿಯ ಅಂಕಗಳೇ ಆಧಾರ. ನಮ್ಮಲ್ಲಿ ಪ್ರವೇಶ ಪರೀಕ್ಷೆಗೆ ಮಹತ್ವ. ಪ್ರವೇಶ ಪರೀಕ್ಷೆಯೆಂದರೆ ಬೆವರುವ, ಆದರೆ ವರ್ಷವಿಡೀ ಶಿಸ್ತಾಗಿ ಓದುವ ಮಗುವಿಗೆ ಅಲ್ಲಿನ ಪದ್ಧತಿ ಅನುಕೂಲವೆಂದೇ ಹೇಳಬೇಕು.

ಇನ್ನೊಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳ ಪಟ್ಟಿ ರಾಜ್ಯವಾರು ಸಿದ್ಧವಾದದ್ದು. ಒಂದು ರಾಜ್ಯದಲ್ಲಿ ಪಡೆದ ಸ್ಥಾನಮಾನ, ಸ್ವಂತ ಇಚ್ಛೆಯಿಂದ ವಲಸೆ ಹೋದವರೊಂದಿಗೆ ಇನ್ನೊಂದು ರಾಜ್ಯಕ್ಕೆ ತೆರಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು; 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿರುವ ಲಂಬಾಣಿ ಸಮುದಾಯ ತಮಿಳುನಾಡಿನ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇಲ್ಲ. ಎರಡೂ ಪಟ್ಟಿಗಳಲ್ಲಿ ಒಂದೇ ಹೆಸರಿರುವ ಜಾತಿಯವರಿಗೂ ವಲಸೆಯ ನಂತರ ಅಲ್ಲಿನ ರಾಜ್ಯ ಮೀಸಲಾತಿ ತಾನಾಗಿ ದೊರೆಯುವುದಿಲ್ಲ. ಮೀಸಲಾತಿಯ ಆಸರೆಯಲ್ಲಿ ಮೊದಲ ತಲೆಮಾರು ಓದಿ ಮೇಲೆ ಬಂದ ಮನೆಯಲ್ಲಿ ಮೂರನೆಯ ತಲೆಮಾರು ಆ ಆಸರೆಯನ್ನು ಹೊರಗಿನ ರಾಜ್ಯದಲ್ಲಿ ಕಳೆದುಕೊಳ್ಳಬಹುದು. ಅಂತಹ ಕುಟುಂಬಕ್ಕೆ, ಮಕ್ಕಳ ವಿದ್ಯಾಭ್ಯಾಸ ಮುಗಿಯುವವರೆಗೆ ಮೈಸೂರೇ ಸರಿ ಎಂಬುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ.

ಆಸ್ಪತ್ರೆಯೂ ಮಾತೂ

ಕೊಯಮತ್ತೂರಿನ ವೈದ್ಯಕೀಯ ಸೌಲಭ್ಯವನ್ನು ಹೊಗಳುವವರು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಮೂಳೆ ಮತ್ತು ಅಪಘಾತ ಚಿಕಿತ್ಸೆ, ಕಣ್ಣಿನ ಚಿಕಿತ್ಸೆ, ಹೃದಯ ಚಿಕಿತ್ಸೆಗಳಿಗೆ ಕೇರಳದ ಪಾಲಕ್ಕಾಡಿನಿಂದಲೂ ನೀಲಗಿರಿಯಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ಆದರೆ ಮೈಸೂರನ್ನು ಕಡೆಗಣಿಸುವಂತಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಅಲ್ಲಿದೆ. ವೃದ್ಧಾಪ್ಯದಲ್ಲಿ ಕಿವಿ ಮಂದವಾದವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಇನ್ನೊಂದು ತಾಣ ದೇಶದಲ್ಲೇ ವಿರಳ. ಪಾರ್ಶ್ವವಾಯುವಿನ ನಂತರ ಮಾತು ಕಳೆದುಕೊಂಡವರಿಗೂ ಅಲ್ಲಿ ಚಿಕಿತ್ಸೆಯಿದೆ.

ಸರ್ಕಾರಿ ವಿಮೆಯ ವಿಚಾರದಲ್ಲಿ ರಾಜ್ಯದ ಗಡಿ ಮತ್ತೆ ಎದುರಾಗುತ್ತದೆ. 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕದಲ್ಲಿ ಬಡತನ ರೇಖೆಗಿಂತ ಮೇಲಿನವರಿಗೂ ಸೀಮಿತ ನೆರವಿನ ಅವಕಾಶ ಕಲ್ಪಿಸಲಾಯಿತು. 2009ರಲ್ಲಿ ಬೇರುಬಿಟ್ಟ ತಮಿಳುನಾಡಿನ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆ ಯೋಜನೆಗೆ ಕುಟುಂಬದ ಆದಾಯದ ಮಿತಿಯಿದ್ದು, ಮಧ್ಯಮ ವರ್ಗದ ಪಿಂಚಣಿದಾರರು ಅದರಡಿ ಬರುವುದು ಕಷ್ಟ. ಖಾಸಗಿ ವಿಮೆ ದೇಶದಾದ್ಯಂತ ನಡೆಯುತ್ತದೆ. ಹೊಸ ಊರಿನ ಯಾವ ಆಸ್ಪತ್ರೆಯಲ್ಲಿ ನಗದುರಹಿತ ಸೌಲಭ್ಯವಿದೆ ಎಂಬುದಷ್ಟೇ ಪ್ರಶ್ನೆ. ಹೊರಡುವ ಗಡಿಬಿಡಿಯಲ್ಲಿ ಕಂತು ಕಟ್ಟಲು ಮರೆತು ವಿಮೆ ರದ್ದಾದರೆ, ಎಪ್ಪತ್ತರ ವಯಸ್ಸಿನಲ್ಲಿ ಹೊಸ ವಿಮೆ ಸಿಗುವುದು ಸುಲಭವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆಸ್ಪತ್ರೆಯ ಗುಣಮಟ್ಟಕ್ಕಿಂತ ಮುಖ್ಯವಾದ ಪ್ರಶ್ನೆಯೊಂದು ಉಳಿಯುತ್ತದೆ. ಅಲ್ಲಿ ಮಾತನಾಡುವವರು ಯಾರು? ವೈದ್ಯರೊಂದಿಗೆ ಇಂಗ್ಲಿಷ್ ನಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಬರುವ ಆಂಬುಲೆನ್ಸ್ ಚಾಲಕ, ವಾರ್ಡಿನ ಆಯಾ, ಮನೆಗೆ ಬರುವ ಆರೈಕೆಯಾಕೆ, ಔಷಧ ಅಂಗಡಿಯ ಹುಡುಗ, ಮೀಟರ್ ಓದುವವನು, ಇವರೊಂದಿಗೆ ನಡೆಯುವುದು ತಮಿಳು. ಕೆಲಸದ ನಿಮಿತ್ತ ಊರೂರು ತಿರುಗಿದ ಗಂಡನಿಗೆ ನಾಲ್ಕು ಭಾಷೆ ಬರುತ್ತದೆ. ಮೂವತ್ತು ವರ್ಷ ಬೆಂಗಳೂರಿನ ಒಂದೇ ಬಡಾವಣೆಯಲ್ಲಿ ಬಾಳಿದ ಹೆಂಡತಿಗೆ ಕನ್ನಡವಷ್ಟೇ ಸಲೀಸು ಎಂಬುದು ಅನೇಕ ಮನೆಗಳ ಸ್ಥಿತಿ. ಊರನ್ನು ಆರಿಸುವುದು ಸಾಮಾನ್ಯವಾಗಿ ಗಂಡ. ಆ ಊರಿನಲ್ಲಿ ಕೊನೆಗೆ ಒಂಟಿಯಾಗಿ ಉಳಿಯುವುದು ಬಹಳಷ್ಟು ಸಂದರ್ಭಗಳಲ್ಲಿ ಹೆಂಡತಿ. ಆದ್ದರಿಂದ 'ನಮ್ಮಿಬ್ಬರಿಗೂ ಈ ಊರು ಒಗ್ಗುತ್ತದೆಯೇ' ಎಂದು ಕೇಳಿಕೊಂಡರೆ ಸಾಲದು. 'ನಾನಿಲ್ಲದಾಗ ಇವಳೊಬ್ಬಳೇ ಇಲ್ಲಿ ಬ್ಯಾಂಕಿಗೆ, ಆಸ್ಪತ್ರೆಗೆ, ಸಂತೆಗೆ ಹೋಗಿ ಬರಬಲ್ಲಳೇ' ಎಂದು ಕೇಳಿಕೊಳ್ಳಬೇಕು. ಅವಳನ್ನೇ ಕೇಳುವುದು ಇನ್ನೂ ಉತ್ತಮ.

ಹಾಗೆಂದು ಕೊಯಮತ್ತೂರು ಕನ್ನಡಕ್ಕೆ ತೀರ ಅಪರಿಚಿತ ಊರೇನೂ ಅಲ್ಲ. ಮನೆಯಲ್ಲಿ ಕನ್ನಡ ಮಾತನಾಡುವ ದೇವಾಂಗ ನೇಕಾರ ಕುಟುಂಬಗಳು ಅಲ್ಲಿ ತಲೆತಲಾಂತರಗಳಿಂದ ಇವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮ್ಮ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಾಳವಾಡಿ, ಹಾಸನೂರು ಕಡೆ ಇಂದಿಗೂ ಕನ್ನಡ ಕೇಳಿಬರುತ್ತದೆ, ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಗಡಿಯ ಆಚೆಗೇ. ಆದರೆ ನಗರದ ಅಪಾರ್ಟ್‌ಮೆಂಟಿನಲ್ಲಿ ನೆಲೆಸುವವರಿಗೆ ಈ ಇತಿಹಾಸದಿಂದ ದಿನಬಳಕೆಯ ಪ್ರಯೋಜನ ಅಷ್ಟಕ್ಕಷ್ಟೆ.

ಸವಲತ್ತು, ಮತ, ನೀರು, ದಾರಿ

ಸರ್ಕಾರಿ ಸವಲತ್ತುಗಳ ಕುರಿತು ದೀರ್ಘ ಚರ್ಚೆ ಬೇಡ. ಗೃಹಲಕ್ಷ್ಮಿ, ಗೃಹಜ್ಯೋತಿ, ಶಕ್ತಿ ಯೋಜನೆಗಳು 2023ರಲ್ಲಿ ಕರ್ನಾಟಕದ ನಿವಾಸಿಗಳಿಗಾಗಿ ಬಂದವು. ತಮಿಳುನಾಡಿನಲ್ಲಿ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ 2021ರಲ್ಲೂ, ಎರಡು ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲಿನಲ್ಲಿ ಮೊದಲ 100 ಯೂನಿಟ್ ಉಚಿತ ಸೌಲಭ್ಯ 2016ರಲ್ಲೂ ಬಂದವು. ಇವು ಸರ್ಕಾರಗಳ ಜೊತೆ ಬದಲಾಗುವ ಸಂಗತಿಗಳು. ಇವನ್ನು ನಂಬಿ ಊರು ಬಿಡುವವರಿಲ್ಲ. ಆಧಾರ್ ವಿಳಾಸವನ್ನು ತಮಿಳುನಾಡಿಗೆ ಬದಲಿಸಿದಾಕೆ ತವರಿಗೆ ಬಂದಾಗ ಶಕ್ತಿ ಯೋಜನೆಯ ಟಿಕೆಟ್ ಕೇಳುವಂತಿಲ್ಲ ಎಂಬುದು ಗೊತ್ತಿದ್ದರೆ ಸಾಕು.

ಮತದಾರರ ಪಟ್ಟಿಯನ್ನು ಮಾತ್ರ ನಿರ್ಲಕ್ಷಿಸುವಂತಿಲ್ಲ. ಎರಡು ಕಡೆ ಹೆಸರಿರುವುದು 1950ರ ಜನತಾ ಪ್ರಾತಿನಿಧ್ಯ ಕಾಯ್ದೆಗೆ ವಿರುದ್ಧ. ವಿಳಾಸ ಬದಲಾವಣೆಗೆ ನಮೂನೆ 8 ಇದೆ. ತಮಿಳುನಾಡಿನಲ್ಲಿ 2025ರ ನವೆಂಬರ್‌ನಲ್ಲಿ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಆರಂಭವಾದಾಗ ಮನೆ ಮನೆಗೂ ನಮೂನೆಗಳು ಬಂದದ್ದನ್ನು ಅಲ್ಲಿನ ಬಂಧುಗಳಿಂದ ಕೇಳಿರಬಹುದು.

ಹವಾಮಾನದಲ್ಲಿ ಮೈಸೂರಿನ ಕೈ ಮೇಲು. ಸಮುದ್ರಮಟ್ಟದಿಂದ ಮೈಸೂರು ಸುಮಾರು 770 ಮೀಟರ್, ಕೊಯಮತ್ತೂರು 410 ಮೀಟರ್ ಎತ್ತರದಲ್ಲಿವೆ. ಪಾಲಕ್ಕಾಡ್ ಕಣಿವೆಯ ಮೂಲಕ ನುಗ್ಗುವ ಗಾಳಿ ಜೂನ್ ನಂತರ ಕೊಯಮತ್ತೂರನ್ನು ತಂಪಾಗಿಡುತ್ತದೆ. ಮಾರ್ಚ್‌ನಿಂದ ಮೇ ವರೆಗಿನ ಬಿಸಿಲು ಮೈಸೂರಿನವರಿಗೆ ಹೊಸದು. ಕೊಯಮತ್ತೂರಿಗೆ ಹೆಸರು ತಂದ ಸಿಹಿನೀರು ಬರುವುದು ಕೇರಳದ ನೆಲದಲ್ಲಿರುವ ಶಿರುವಾಣಿ ಅಣೆಕಟ್ಟಿನಿಂದ. ಕಾವೇರಿ, ಕಬಿನಿಗಳ ಮಗ್ಗುಲಲ್ಲೇ ಇರುವ ಮೈಸೂರಿನ ನೀರಿನ ನೆಮ್ಮದಿ ಅದಕ್ಕಿಲ್ಲ.

ಪ್ರಯಾಣದಲ್ಲಿ ಎರಡೂ ಊರುಗಳು ಬೆಂಗಳೂರಿಗೆ ಹತ್ತಿರವಾಗಿವೆ. ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಕೊಯಮತ್ತೂರಿಗೆ ವಂದೇ ಭಾರತ್ ರೈಲು ಅದೇ ವರ್ಷದ ಡಿಸೆಂಬರ್ 30ರಂದು ಆರಂಭವಾಯಿತು. ವಿದೇಶದಲ್ಲಿ ಮಕ್ಕಳಿರುವವರಿಗೆ ಕೊಯಮತ್ತೂರಿನ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಹೆಚ್ಚುವರಿ ಅನುಕೂಲ. ಆದರೆ ಮೈಸೂರು ಸೀಮೆಯಲ್ಲಿ ಬಂಧುಬಳಗ ಇರುವವರು ಒಂದು ಸಂಗತಿಯನ್ನು ಗಮನಿಸಬೇಕು. ಎರಡು ನಗರಗಳ ನಡುವೆ ಅಂತರ ಸುಮಾರು 200 ಕಿಲೋಮೀಟರ್ ಮಾತ್ರವಾದರೂ ನೇರ ದಾರಿ 27 ತಿರುವುಗಳ ದಿಂಬಂ ಘಾಟಿಯ ಮೂಲಕ ಹಾದುಹೋಗುತ್ತದೆ. ವನ್ಯಜೀವಿಗಳ ರಕ್ಷಣೆಗಾಗಿ 2022ರಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಇನ್ನೊಂದು ಬದಿಯ ಬಂಡೀಪುರದಲ್ಲಿ 2009ರಿಂದಲೇ ಇದೆ. ರಾತ್ರಿ ಹತ್ತಕ್ಕೆ ಸಾವಿನ ಸುದ್ದಿ ಬಂದರೆ ಮೈಸೂರಿನ ತಮ್ಮ ನೇರ ದಾರಿಯಲ್ಲಿ ಹೊರಡುವುದು ಬೆಳಗಿನ ಆರರ ನಂತರವೇ.

ಹೊಸೂರಿನ ಮಧ್ಯಮ ಮಾರ್ಗ

ಎರಡನ್ನೂ ಬಿಟ್ಟು ಹೊಸೂರಿನಲ್ಲಿ ಮನೆ ಮಾಡಿ, ಕೆಲಸ, ಆಸ್ಪತ್ರೆ, ಬಂಧುಗಳನ್ನು ಬೆಂಗಳೂರಿನಲ್ಲಿ ಉಳಿಸಿಕೊಳ್ಳುವವರೂ ಇದ್ದಾರೆ. ಅಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ, ಹವೆ ಬೆಂಗಳೂರಿನದೇ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದವರೆಗೆ ಬಂದ ಮೇಲೆ ಆಕರ್ಷಣೆ ಹೆಚ್ಚಿದೆ. ಆದರೆ ಮೇಲೆ ಹೇಳಿದ ಕಡತಗಳ ತೊಡಕುಗಳೆಲ್ಲ ಅಲ್ಲಿಗೂ ಅನ್ವಯಿಸುತ್ತವೆ. ಜೊತೆಗೆ, 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ವಿವಾದ ಭುಗಿಲೆದ್ದಾಗ ಗಡಿಯಲ್ಲಿ ಬಸ್ಸುಗಳು ನಿಂತುಹೋಗಿ ಜನ ಗಂಟುಮೂಟೆ ಹೊತ್ತು ನಡೆದು ದಾಟಿದ್ದನ್ನು ನೆನಪಿಡಬೇಕು. ಡಯಾಲಿಸಿಸ್‌ಗಾಗಿ ವಾರಕ್ಕೆ ಎರಡು ಬಾರಿ ಗಡಿ ದಾಟಬೇಕಾದವರಿಗೆ ಅಂತಹ ಒಂದು ವಾರವೂ ದುಬಾರಿ.

ಮಾರುವ ಮುನ್ನ ಬಾಡಿಗೆ

ಬೆಂಗಳೂರಿನ ಮನೆಯನ್ನು ಮಾರಿ, ಅದೇ ತಿಂಗಳು ಹೊಸ ಊರಿನಲ್ಲಿ ಮನೆ ಕೊಳ್ಳುವ ಅವಸರ ಬೇಡ. ಮನೆ ಮಾರಿದ ದೀರ್ಘಾವಧಿ ಲಾಭವನ್ನು ಇನ್ನೊಂದು ಮನೆಯಲ್ಲಿ ತೊಡಗಿಸಿ ತೆರಿಗೆ ವಿನಾಯಿತಿ ಪಡೆಯಲು, ಮಾರಾಟದ ನಂತರ ಕೊಳ್ಳುವುದಾದರೆ ಎರಡು ವರ್ಷ, ಕಟ್ಟಿಸುವುದಾದರೆ ಮೂರು ವರ್ಷ ಅವಕಾಶವಿದೆ. ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಬಳಕೆಯಾಗದ ಮೊತ್ತವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿಡಬೇಕು. ಅಂದರೆ ಒಂದಿಡೀ ವರ್ಷ ಹೊಸ ಊರಿನಲ್ಲಿ ಬಾಡಿಗೆಗೆ ಇದ್ದು ನೋಡಲು ಕಾನೂನೇ ಸಮಯ ಕೊಟ್ಟಿದೆ. ಇನ್ನೂ ಉತ್ತಮ ಮಾರ್ಗವೆಂದರೆ ಬೆಂಗಳೂರಿನ ಮನೆಯನ್ನು ಬಾಡಿಗೆಗೆ ಕೊಟ್ಟು, ಆ ಹಣದಿಂದಲೇ ಅಲ್ಲಿನ ಬಾಡಿಗೆ ಕಟ್ಟುವುದು.

ಹೋಗುವುದಾದರೆ ಫೆಬ್ರವರಿ ಕೊನೆಯಲ್ಲಿ ಹೋಗಿ. ಡಿಸೆಂಬರ್‌ನಲ್ಲಿ ಎಲ್ಲ ಊರೂ ಚೆನ್ನ. ಏಪ್ರಿಲ್‌ನ ಮಧ್ಯಾಹ್ನ, ಮೇ ತಿಂಗಳ ನಲ್ಲಿ ನೀರು, ಅಕ್ಟೋಬರ್‌ನ ಹಿಂಗಾರು ಇವನ್ನು ನೋಡಿದ ಮೇಲೆ ಮಾತಾಡಬಹುದು. ತಮಿಳುನಾಡಿನಲ್ಲಿ 2019ರ ಫೆಬ್ರವರಿಯಿಂದ ಜಾರಿಯಲ್ಲಿರುವ ಬಾಡಿಗೆ ಕಾಯ್ದೆಯ ಪ್ರಕಾರ ಒಪ್ಪಂದವು ಲಿಖಿತವಾಗಿದ್ದು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ನಮ್ಮಲ್ಲಿನಂತೆ ಹನ್ನೊಂದು ತಿಂಗಳ ಕರಾರು ಬರೆದು ಬೀರುವಿನಲ್ಲಿಟ್ಟರೆ ನಡೆಯುವುದಿಲ್ಲ. ಮಾಲೀಕರು 'ಅದೆಲ್ಲ ಬೇಡ ಬಿಡಿ' ಎಂದರೂ ಮಾಡಿಸಿಕೊಳ್ಳಿ. ಅಡುಗೆ ಅನಿಲ ಸಂಪರ್ಕಕ್ಕೆ, ಬ್ಯಾಂಕ್ ಖಾತೆಯ ವಿಳಾಸ ಬದಲಾವಣೆಗೆ, ಮುಂದೆ ಕಾರಿನ ಮರುನೋಂದಣಿಗೆ ಅಲ್ಲಿನ ವಾಸವನ್ನು ತೋರಿಸಲು ನಿಮ್ಮ ಕೈಯಲ್ಲಿರುವ ಮೊದಲ ಕಾಗದ ಅದೇ.